ಅರಳಸುರಳಿಯ ಪೆಟ್ಟಿಗೆ, ನನ್ನ ಬೋರಾನ್ ಲೆಕ್ಕ

ಸ್ಕ್ಯಾನರ್ ಎಂದರೆ ಈಗಿನವರಿಗೆ ಒಂದು ಯಂತ್ರ. ಐವತ್ತರ ದಶಕದಲ್ಲಿ ಸ್ಕ್ಯಾನರ್ ಎಂದರೆ ಒಬ್ಬ ಹುಡುಗಿ. ಬೆಳಗ್ಗೆ ಬಂದು ಮೈಕ್ರೋಸ್ಕೋಪಿನ ಮುಂದೆ ಕೂತು, ಜಡೆಯನ್ನು ಬೆನ್ನ ಹಿಂದಕ್ಕೆ ಎಸೆದುಕೊಂಡು, ಸಂಜೆಯವರೆಗೆ ಒಂದು ಗಾಜಿನ ತುಂಡನ್ನು ಇಂಚಿಂಚಾಗಿ ನೋಡುವವಳು. ಜಡೆ ಮುಂದಕ್ಕೆ ಜಾರಿದರೆ ಅದರ ತುದಿ ತಾಗಿ ಗಾಜು ಅಲುಗುತ್ತದೆ, ಹುಡುಕುತ್ತಿದ್ದ ಗೆರೆ ತಪ್ಪಿಹೋಗುತ್ತದೆ. ನಾನು ಅಂಥ ಹುಡುಗಿಯಾಗಿದ್ದೆ. ಊರು ಸಾಗರ, ಅಪ್ಪಯ್ಯನದು ಜವಳಿ ಅಂಗಡಿ, ನಾವು ಜೈನರು. ಓದಿದ್ದು ಮಂಗಳೂರಿನ ಕಾನ್ವೆಂಟಿನಲ್ಲಿ, ಕೆಲಸ ಸಿಕ್ಕಿದ್ದು ಮುಂಬಯಿಯಲ್ಲಿ. ದಾದರಿನಲ್ಲಿ ಅಕ್ಕ ಭಾವ ಇದ್ದುದರಿಂದ ಮನೆಯಲ್ಲಿ ಹೋಗಲು ಬಿಟ್ಟರು.

ಮೊನ್ನೆ ನಮ್ಮ ಬೀದಿಯ ಹುಡುಗಿಯೊಬ್ಬಳು ಫಿಸಿಕ್ಸ್ ಲ್ಯಾಬಿಗೆ ಕೆಲಸಕ್ಕೆ ಸೇರುವ ಮುಂಚೆ ನನ್ನನ್ನು ನೋಡಲು ಬಂದಿದ್ದಳು. "ಆಂಟೀ, ದಿನಾ ಒಂದೇ ಕೆಲಸ, ಬೋರ್ ಆಗ್ತಿರ್ಲಿಲ್ವಾ?" ಎಂದು ಕೇಳಿದಳು. ಫ್ರ್ಯಾಂಕ್ಲಿ, ಆಗುತ್ತಿತ್ತು. ಆದರೆ ಬೇಸರ ಬಂದು ಆಕಳಿಸುವ ಹೊತ್ತಿಗೇ ಕಣ್ಣೆದುರು ಏನಾದರೊಂದು ಬಂದುಬಿಡುತ್ತಿತ್ತು. ಅದು ಭೂಮಿಯದಲ್ಲ ಎನ್ನುವುದು ನೆನಪಾದರೆ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಅವಳಿಗೆ ಬಾಯಲ್ಲಿ ಹೇಳಿದ್ದು ಸಾಲಲಿಲ್ಲ ಅನ್ನಿಸಿ ಈಗ ಬರೆಯುತ್ತಿದ್ದೇನೆ. ಸಂಬಳ, ಇನ್‌ಕ್ರಿಮೆಂಟು, ಯಾವ ವರ್ಷ ಯಾವ ಪೋಸ್ಟು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಆಕಾಶದ ಆಚೆಯಿಂದ ಹಗಲಿರುಳೂ ಸಣ್ಣ ಸಣ್ಣ ಕಣಗಳು ಭೂಮಿಯ ಮೇಲೆ ಸುರಿಯುತ್ತಿರುತ್ತವೆ. ಅವಕ್ಕೆ ಕಾಸ್ಮಿಕ್ ಕಿರಣ ಎಂದು ಹೆಸರು. ಹೆಚ್ಚಿನವು ಹೈಡ್ರೋಜನ್ ಪರಮಾಣುವಿನ ತಿರುಳುಗಳು. ನಡುನಡುವೆ ಭಾರದವೂ ಬರುತ್ತವೆ: ಕಾರ್ಬನ್, ಆಕ್ಸಿಜನ್, ಕಬ್ಬಿಣ. ಭಾರದವು ನೆಲದವರೆಗೆ ಬರುವುದಿಲ್ಲ, ಗಾಳಿಗೆ ಬಡಿದು ಮೇಲೆಯೇ ಒಡೆದುಹೋಗುತ್ತವೆ. ಹಾಗಾಗಿ ಅವನ್ನು ಹಿಡಿಯಲು ನಾವೇ ಮೇಲೆ ಹೋಗಬೇಕು. ದೊಡ್ಡ ಬಲೂನಿಗೆ ಪೆಟ್ಟಿಗೆ ಕಟ್ಟಿ ಬಿಡುತ್ತಿದ್ದರು. ಪೆಟ್ಟಿಗೆಯೊಳಗೆ ಕಪ್ಪು ಕಾಗದದಲ್ಲಿ ಸುತ್ತಿದ ಗಾಜಿನ ಪ್ಲೇಟುಗಳು. ಪ್ಲೇಟಿನ ಮೇಲೆ ಫೋಟೋ ಫಿಲ್ಮಿನಲ್ಲಿ ಇರುತ್ತದಲ್ಲ, ಅಂಥದೇ ಒಂದು ಪದರ, ಆದರೆ ದಪ್ಪದ್ದು. ಕಣವೊಂದು ಆ ಪದರವನ್ನು ಹಾದು ಹೋದರೆ, ಪ್ಲೇಟನ್ನು ತೊಳೆದ ಮೇಲೆ ಅದು ಹೋದ ದಾರಿ ಕಪ್ಪು ಗೆರೆಯಾಗಿ ಕಾಣುತ್ತದೆ.

ಹೈಡ್ರೋಜನ್ನಿನ ಗೆರೆ ಎಂದರೆ ಚುಕ್ಕಿ ಚುಕ್ಕಿಯ ತೆಳು ರಂಗೋಲಿ ಎಳೆ. ಕಬ್ಬಿಣದ್ದು ಬಂದರೆ ಕಂಬಳಿಹುಳ ಹರಿದ ಹಾಗೆ: ದಪ್ಪ ಮೈ, ಎರಡೂ ಪಕ್ಕದಲ್ಲಿ ಕೂದಲು. ಆ ಕೂದಲುಗಳನ್ನು ಎಣಿಸಿ ಇದು ಯಾವ ಧಾತು ಎಂದು ಹೇಳಬೇಕು. ಕೂದಲು ಜಾಸ್ತಿಯಾದಷ್ಟೂ ಧಾತು ಭಾರ. ಅಷ್ಟೇ ನಮ್ಮ ವಿದ್ಯೆ. ಅಷ್ಟನ್ನು ಕಲಿಯಲು ನನಗೆ ಒಂದು ಮಳೆಗಾಲ ಹಿಡಿಯಿತು.

ಕಲಿಸಿದವರು ಮಿಸೆಸ್ ಡಿಸೋಜಾ. ಗೋವಾದವರು, ನಮ್ಮ ರೂಮಿಗೆ ಹಿರಿಯರು, ಪರ್ಸಿನಲ್ಲಿ ಯಾವಾಗಲೂ ಪೆಪ್ಪರ್‌ಮಿಂಟು. "ನೀನು ಗೆರೆಯನ್ನು ಹುಡುಕಬೇಡ ಮಗಾ, ಗೆರೆ ನಿನ್ನನ್ನು ಹುಡುಕಿಕೊಂಡು ಬರಲಿ" ಎನ್ನುತ್ತಿದ್ದರು. ನಾನು ಅದನ್ನು ಕೇಳದೆ ಮೊದಲ ತಿಂಗಳಲ್ಲೇ ಒಂದು ಭಾರೀ ಕಬ್ಬಿಣವನ್ನು ಹುಡುಕಿಬಿಟ್ಟೆ. ಎಷ್ಟು ನೆಟ್ಟಗಿನ, ಎಷ್ಟು ದಪ್ಪದ ಗೆರೆ ಎಂದರೆ ಅಂಥದ್ದನ್ನು ನಮ್ಮ ರೂಮಿನಲ್ಲಿ ಯಾರೂ ನೋಡಿರಲಿಲ್ಲ. ನಮ್ಮ ಬಾಸ್ ಡಾಕ್ಟರ್ ಪಟವರ್ಧನ್ ಅವರನ್ನು ಕರೆತಂದೆ. ಅವರು ಕನ್ನಡಕವನ್ನು ಹಣೆಗೆ ಏರಿಸಿ, ಬಗ್ಗಿ ನೋಡಿದರು. ತುಂಬಾ ಹೊತ್ತು ನೋಡಿದರು.

"ಮಿಸ್ ವಿಮಲಾ, ಇದು ಕಬ್ಬಿಣವೇ," ಎಂದರು. "ಆದರೆ ನಕ್ಷತ್ರದ್ದಲ್ಲ, ಬ್ಲೇಡಿನದು."

ಪ್ಲೇಟಿನ ಅಂಚು ಕೆರೆಯುವಾಗ ಯಾರೋ ಬ್ಲೇಡ್ ಜಾರಿಸಿ ಗೀರು ಹಾಕಿದ್ದರು. ಅದಾದ ಮೇಲೆ ಎಷ್ಟೋ ದಿನ ರೂಮಿನಲ್ಲಿ ಯಾರಾದರೂ ಪೆನ್ಸಿಲ್ ಚೂಪು ಮಾಡಬೇಕಾದರೆ "ವಿಮಲಾಳ ನಕ್ಷತ್ರ ಕೊಡು" ಎಂದು ಬ್ಲೇಡು ಕೇಳುತ್ತಿದ್ದರು. ಇದನ್ನು ಯಾಕೆ ಬರೆದೆನೆಂದರೆ, ಹೊಸಬರು ಎಲ್ಲರೂ ಮೊದಲು ಕಾಣುವುದು ತಾವು ಕಾಣಬೇಕೆಂದು ಆಸೆಪಟ್ಟದ್ದನ್ನೇ.

ಡಾಕ್ಟರಿಗೆ ಆ ವಿಷಯ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವರದೊಂದು ರೂಲ್ ಇತ್ತು. ಒಬ್ಬಳು ನೋಡಿದ ಪ್ಲೇಟನ್ನು ಇನ್ನೊಬ್ಬಳು ಮತ್ತೆ ನೋಡಬೇಕು, ಮೊದಲಿನವಳಿಗೆ ಏನು ಸಿಕ್ಕಿತು ಎಂಬುದು ಎರಡನೆಯವಳಿಗೆ ಗೊತ್ತಾಗಬಾರದು. ಕ್ಯಾಂಟೀನಿನಲ್ಲಿ ನಾವು ಸೀರೆ, ಸಿನಿಮಾ, ಅತ್ತೆ, ಎಲ್ಲ ಮಾತಾಡಬಹುದಿತ್ತು, ಪ್ಲೇಟಿನ ಮಾತು ಮಾತ್ರ ಕೂಡದು. ಮಿಸೆಸ್ ಡಿಸೋಜಾ ಒಮ್ಮೆ ಬಾಯಿತಪ್ಪಿ ಹೇಳಿದ್ದಕ್ಕೆ ಆ ಪ್ಲೇಟನ್ನೇ ಮೂರನೆಯವಳ ಕೈಗೆ ಕೊಟ್ಟರು. ಬೈಯಲಿಲ್ಲ. "ಅವಳ ಕಿವಿಗೆ ನೀವು ಹಾಕಿದ್ದೇ ಅವಳ ಕಣ್ಣಿಗೆ ಬರುತ್ತದೆ" ಎಂದರು, ಅಷ್ಟೆ.

ಈಗ ಬೋರಾನ್ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನನ್ನ ಕಥೆ ಇರುವುದು ಅಲ್ಲಿ.

ಆ ಕಾಲದ ದೊಡ್ಡ ಪ್ರಶ್ನೆ: ಈ ಭಾರದ ಧಾತುಗಳು ಎಲ್ಲಿ ಹುಟ್ಟಿ, ಎಷ್ಟು ದೂರ ನಡೆದು ನಮ್ಮ ಹತ್ತಿರ ಬರುತ್ತವೆ? ಅವು ಬೇಯುವುದು ನಕ್ಷತ್ರಗಳ ಒಳಗೆ ಎನ್ನುವುದು ನಿಧಾನವಾಗಿ ತಿಳಿಯುತ್ತಿದ್ದ ಹೊತ್ತು ಅದು. ದಾರಿ ಎಷ್ಟು ದೂರದ್ದು ಎಂದು ಕೇಳಲು ಒಂದು ಉಪಾಯ ಇತ್ತು. ಲಿಥಿಯಂ, ಬೆರಿಲಿಯಂ, ಬೋರಾನ್ ಎಂಬ ಮೂರು ಧಾತುಗಳು ನಕ್ಷತ್ರದಲ್ಲಿ ಉಳಿಯುವುದಿಲ್ಲ, ಹುಟ್ಟಿದರೂ ಉರಿದುಹೋಗುತ್ತವೆ. ಕಾರ್ಬನ್ನೋ ಆಕ್ಸಿಜನ್ನೋ ದಾರಿಯಲ್ಲಿ ಏನಕ್ಕಾದರೂ ಡಿಕ್ಕಿ ಹೊಡೆದು ಚೂರಾದರೆ ಮಾತ್ರ ಅವು ಸಿಗುವುದು. ಅಂದರೆ ಕಾಸ್ಮಿಕ್ ಕಿರಣದಲ್ಲಿ ಬೋರಾನ್ ಧಾರಾಳ ಸಿಕ್ಕರೆ, ಈ ಕಣಗಳು ಬಹಳ ದೂರ ಅಲೆದು, ಬೇಕಾದಷ್ಟು ಪೆಟ್ಟು ತಿಂದು ಬಂದಿವೆ ಎಂದರ್ಥ. ಸಿಗದಿದ್ದರೆ, ಹತ್ತಿರದಿಂದ ನೇರವಾಗಿ ಬಂದಿವೆ. ಹೊರದೇಶದ ಲ್ಯಾಬುಗಳಲ್ಲಿ ಒಬ್ಬರು ಬೋರಾನ್ ಇದೆ ಎನ್ನುತ್ತಿದ್ದರು, ಇನ್ನೊಬ್ಬರು ಇಲ್ಲ ಎನ್ನುತ್ತಿದ್ದರು. ನಮ್ಮ ಡಾಕ್ಟರು ಇಲ್ಲ ಎನ್ನುವವರ ಕಡೆಗೆ ವಾಲಿದ್ದರು.

ಒಂದು ಬೇಸಿಗೆಯಲ್ಲಿ ಬೆಂಗಳೂರಿನಿಂದ ಬಲೂನು ಬಿಟ್ಟರು. ಆ ಕಾಲದಲ್ಲಿ ಮೇಲಿನ ಗಾಳಿ ಪಡುವಣಕ್ಕೆ ಬೀಸುತ್ತದೆ. ಬಲೂನು ತೇಲುತ್ತಾ ಹೋಗಿ ಮಲೆನಾಡಿನ ಮೇಲೆ ಒಡೆದು, ಪೆಟ್ಟಿಗೆ ಪ್ಯಾರಾಚೂಟಿನಲ್ಲಿ ಎಲ್ಲೋ ಇಳಿಯಿತು. ಕೆಲವು ವಾರ ಸುದ್ದಿಯೇ ಇಲ್ಲ. ಆಮೇಲೆ ತೀರ್ಥಹಳ್ಳಿಯಿಂದ ತಂತಿ ಬಂತು: ಅರಳಸುರಳಿಯಲ್ಲಿ ಒಬ್ಬರ ಗದ್ದೆಗೆ ಬಿದ್ದಿದೆ, ಜೋಪಾನವಾಗಿದೆ. ನಮ್ಮ ಟೆಕ್ನಿಷಿಯನ್ ಶಿಂಧೆ ಜೀಪಿನಲ್ಲಿ ಹೋಗಿ ತಂದರು. ತೊಳೆದ ಪ್ಲೇಟುಗಳು ನನ್ನ ಮೇಜಿಗೆ ಬಂದವು. ನಮ್ಮ ಕಡೆಯ ಗದ್ದೆಯಲ್ಲಿ ಇಳಿದದ್ದು ಎಂದು ನನಗೆ ಒಂಥರಾ ಪ್ರೀತಿ. ಅದನ್ನು ಯಾರಿಗೂ ಹೇಳಲಿಲ್ಲ, ಮತ್ತೆ ಬ್ಲೇಡಿನ ಜೋಕು ಶುರುವಾಗುತ್ತದೆಂದು.

ಹತ್ತಿರ ಹತ್ತಿರ ಒಂದು ವರ್ಷ ಅವನ್ನು ನೋಡಿದೆ. ಬೋರಾನ್ ಸಿಗುತ್ತಲೇ ಹೋಯಿತು. ಬಲೂನಿನ ಮೇಲೆ ಉಳಿದಿರುವ ತೆಳು ಗಾಳಿಯಲ್ಲೂ ಒಂದಿಷ್ಟು ಕಾರ್ಬನ್ ಒಡೆದು ಬೋರಾನ್ ಆಗುತ್ತದೆ, ಅದನ್ನು ಕಳೆದೆವು. ಕಳೆದರೂ ಉಳಿಯಿತು. ಮಿಸೆಸ್ ಡಿಸೋಜಾ, ನನ್ನ ಲೆಕ್ಕ ಗೊತ್ತಿಲ್ಲದೆ, ಅದೇ ಪ್ಲೇಟುಗಳನ್ನು ನೋಡಿದರು. ಅವರಿಗೂ ಹೆಚ್ಚು ಕಡಿಮೆ ಅಷ್ಟೇ ಸಿಕ್ಕಿತು.

ಡಾಕ್ಟರು ಎರಡೂ ಹಾಳೆ ಪಕ್ಕಪಕ್ಕ ಇಟ್ಟು ಹೇಳಿದರು: "ನಿಮ್ಮ ಕಣ್ಣು ಸರಿ ಇದೆ, ಮಿಸ್ ವಿಮಲಾ. ಪ್ಲೇಟು ಸರಿ ಇಲ್ಲ. ಶಿಂಧೆಯ ರಿಪೋರ್ಟ್ ನೋಡಿ."

ಶಿಂಧೆಗೆ ಕನ್ನಡ ಬರುತ್ತಿರಲಿಲ್ಲ. ತೀರ್ಥಹಳ್ಳಿಯ ಬಸ್ ಏಜೆಂಟನ್ನು ದುಭಾಷಿಯಾಗಿ ಕರೆದೊಯ್ದಿದ್ದರು. ರಿಪೋರ್ಟಿನಲ್ಲಿ ಹೀಗಿತ್ತು: ಮನೆಯ ಯಜಮಾನರು ಪೆಟ್ಟಿಗೆಯನ್ನು ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಭದ್ರವಾಗಿ ಇರಿಸಿದ್ದರು.

ಇದರ ಅರ್ಥ ಗೊತ್ತಾಯಿತಲ್ಲ. ತೊಳೆಯುವ ಮುಂಚೆ ಪ್ಲೇಟು ಬಿಸಿಯಲ್ಲಿದ್ದರೆ ಗೆರೆಗಳು ಮಾಸುತ್ತವೆ, ಕೂದಲು ಉದುರುತ್ತವೆ. ಧಾತುಗಳ ಪಟ್ಟಿಯಲ್ಲಿ ಆರನೇ ನಂಬರಿನ ಕಾರ್ಬನ್ನು ಐದನೇ ನಂಬರಿನ ಬೋರಾನಿನ ಹಾಗೆ ಕಾಣುತ್ತದೆ. ನನಗೆ ಸಿಕ್ಕಿದ್ದು ಬೋರಾನ್ ಅಲ್ಲ, ಅರಳಸುರಳಿಯ ಒಲೆಯ ಶಾಖದಲ್ಲಿ ಬೆಂದ ಕಾರ್ಬನ್. "ದಿಸ್ ಸ್ಟ್ಯಾಕ್ ಈಸ್ ಕುಕ್ಡ್," ಎಂದರು ಡಾಕ್ಟರು. ಪೂರಾ ಕಂತೆಯನ್ನು ಪಕ್ಕಕ್ಕಿಡುವುದೆಂದಾಯಿತು. ನನ್ನ ವರ್ಷವೂ ಅದರ ಜೊತೆಗೆ ಪಕ್ಕಕ್ಕೆ.

ಅದೇ ತಿಂಗಳು ಚಿಕ್ಕಪ್ಪನ ಮಗಳ ಮದುವೆಗೆಂದು ನಾನು ಸಾಗರಕ್ಕೆ ಹೊರಟಿದ್ದೆ. ಹೋಗಿ ಆ ಮನೆಯಲ್ಲಿ ನಾನೇ ಕೇಳಿ ಬರಲೇ ಎಂದೆ. ದುಭಾಷಿ ಏನು ಕೇಳಿದನೋ, ಅವರು ಏನು ಹೇಳಿದರೋ.

"ಹೋಗಿ," ಎಂದರು ಡಾಕ್ಟರು. "ಆದರೆ ನಮ್ಮ ರೂಲ್ ಅಲ್ಲಿಗೂ ಅನ್ವಯಿಸುತ್ತದೆ. ನಿಮಗೆ ಯಾವ ಉತ್ತರ ಬೇಕೆಂದು ಅವರಿಗೆ ಗೊತ್ತಾಗಬಾರದು."

ಮದುವೆ ಮುಗಿದ ಮೇಲೆ ಅಪ್ಪಯ್ಯ ಜೊತೆಗೆ ಬಂದರು. ಮದುವೆಯಾಗದ ಮಗಳನ್ನು ಒಬ್ಬಳೇ ಕಳಿಸುವುದುಂಟೇ ಎಂಬುದು ಒಂದು, ರಿಪೋರ್ಟಿನಲ್ಲಿದ್ದ ಹೆಸರು ನೋಡಿದರೆ ಅವರೂ ಜೈನರೇ, ಎಲ್ಲಾದರೂ ನೆಂಟಸ್ತನ ಸಿಗದೆ ಇರದು ಎಂಬುದು ಇನ್ನೊಂದು. ಸಾಗರದಿಂದ ಹೊಸನಗರ, ಅಲ್ಲಿ ಬಸ್ಸು ಬದಲಿಸಿ ತೀರ್ಥಹಳ್ಳಿ ರಸ್ತೆ. ದಾರಿಯುದ್ದಕ್ಕೂ ಅಪ್ಪಯ್ಯನಿಗೆ ಒಂದೇ ಅನುಮಾನ.

"ಪೆಟ್ಟಿಗೆ ಸಿಕ್ತು. ಗಾಜು ಒಡೀಲಿಲ್ಲ. ಮತ್ತೆ ಎಲ್ಲಿಟ್ಟಿದ್ರಿ ಅಂತ ಕೇಳೋಕೆ ಮುಂಬಯಿಂದ ಬರ್ಬೇಕನಾ?"

"ಬಿಸಿ ತಾಗಿದ್ರೆ ಕೆಲಸ ಎಲ್ಲಾ ವ್ಯರ್ಥ ಅಪ್ಪಯ್ಯ."

"ಹಂಗಾರೆ ಬಿಸಿ ತಾಗ್ಸಿದ್ರಾ ಅಂತ ಕೇಳು. ಒಂದು ಮಾತು."

"ಹಾಗೆ ಕೇಳಬಾರದು."

"ಅದೆಂಥಾ ಕೆಲಸ ಮಾರಾಯ್ತಿ, ಕೇಳೋಕೆ ಹೋಗಿ ಕೇಳಬಾರದು ಅಂದ್ರೆ," ಎಂದು ಅಪ್ಪಯ್ಯ ಕಿಟಕಿಯ ಕಡೆ ತಿರುಗಿದರು.

ಯಜಮಾನರ ಹೆಸರು ಧರಣೇಂದ್ರಯ್ಯ. ಗುಂಡಗಿನ, ನಗುಮುಖದ ಮನುಷ್ಯ. ನಾವು ಜಗಲಿ ಹತ್ತುವ ಮುಂಚೆಯೇ ಕಾಲಿಗೆ ನೀರು, ಕೂತ ಕೂಡಲೇ ಬೆಲ್ಲ, ಶರಬತ್ತು. ಅಪ್ಪಯ್ಯ ಐದೇ ನಿಮಿಷದಲ್ಲಿ ಅವರ ಸೋದರಮಾವನ ಹೆಂಡತಿಯ ಕಡೆಯಿಂದ ನಮ್ಮ ಸಂಬಂಧ ಹುಡುಕಿಬಿಟ್ಟರು. ಪ್ಯಾರಾಚೂಟಿನ ಬಟ್ಟೆಯನ್ನು ಶಿಂಧೆ ಬಿಟ್ಟುಹೋಗಿದ್ದರು, ಅದು ಅವರ ದೇವರ ಕೋಣೆಗೆ ಪರದೆಯಾಗಿತ್ತು.

ನಾನು ಆದಷ್ಟು ಸಪ್ಪೆಯಾಗಿ ಕೇಳಿದೆ. "ಪೆಟ್ಟಿಗೆ ಸಿಕ್ಕಿದ ಮೇಲೆ ಎಲ್ಲೆಲ್ಲಿ ಇತ್ತು, ಸ್ವಲ್ಪ ಹೇಳ್ತೀರಾ?"

"ಎಲ್ಲೆಲ್ಲಿ ಎಂತದು, ಅಟ್ಟದಲ್ಲೇ. ಒಲೆ ಮೇಲಿನ ಅಟ್ಟ. ಬೀಜದ ಸೌತೆ, ಮೆಣಸು, ಎಲ್ಲಾ ಇಡೋ ಜಾಗ. ಅದಕ್ಕಿಂತ ಭದ್ರ ಇನ್ನೆಲ್ಲಿದೆ?"

"ತಂದ ದಿನದಿಂದಲೂ?"

ಅವರು ನನ್ನ ಮುಖ ನೋಡಿದರು. ಆಮೇಲೆ ಅಪ್ಪಯ್ಯನ ಮುಖ ನೋಡಿದರು. ಅಪ್ಪಯ್ಯ ಶರಬತ್ತಿನ ಲೋಟ ನೋಡಿದರು.

"ಅಲ್ಲ ತಂಗೀ," ಧರಣೇಂದ್ರಯ್ಯ ದನಿ ಇಳಿಸಿದರು. "ಎಂತ ಹೇಳಿದ್ರೆ ನಿಮ್ಗೆ ಅನುಕೂಲ ಆಗ್ತದೆ?"

"ಇದ್ದದ್ದು ಇದ್ದ ಹಾಗೆ ಹೇಳಿ ಮಾವ."

"ಅದು ಹೇಳ್ತೀನಿ. ಆದ್ರೂ ನಿಮ್ಮ ದೊಡ್ಡೋರಿಗೆ ಎಂತ ಬೇಕಿತ್ತು? ಅಟ್ಟ ಸಾಲಲಿಲ್ವಾ? ಸಾಲಲಿಲ್ಲ ಅಂದ್ರೆ ತಿಜೋರಿ ಅಂತ ಬರ್ಕೊಳ್ಳಿ. ನನ್ನದೆಂತ ಗಂಟು ಹೋಗ್ತದೆ? ನಮ್ಮ ಹುಡುಗಿಗೆ ಒಳ್ಳೇದಾಗ್ಲಿ."

ಅಪ್ಪಯ್ಯ ಕೆಮ್ಮಿದರು. ನನಗೆ ನಗುವೂ ಬಂತು, ಚಿಂತೆಯೂ ಆಯಿತು. ನಮ್ಮ ಕಡೆ ಇದೊಂದು ದೊಡ್ಡ ಮರ್ಯಾದೆ. ಮನೆಗೆ ಬಂದವರಿಗೆ ಬೇಕಾದ ಮಾತನ್ನು ತಟ್ಟೆಯಲ್ಲಿಟ್ಟು ಕೊಡುವುದು. ನನಗೆ ಬೇಕಾದ ಉತ್ತರವನ್ನು ಈಗ ಹೇಳಿದರೆ ಅವರು ತಕ್ಷಣ ಅದನ್ನೇ ಹೇಳುತ್ತಾರೆ, ಬೇಕಾದರೆ ಆಣೆಯನ್ನೂ ಇಡುತ್ತಾರೆ. ಅದಕ್ಕೆ ಕಾಸಿನ ಬೆಲೆಯಿಲ್ಲ.

ನಮ್ಮಲ್ಲಿ ಹೊತ್ತು ಮುಳುಗುವ ಮುಂಚೆ ಊಟವಾಗಬೇಕಲ್ಲ, ಕೈಜೋಡಿಸಲು ನಾನು ಒಳಗೆ ಹೋದೆ. ಅಡುಗೆಮನೆಯಲ್ಲಿ ಧರಣೇಂದ್ರಯ್ಯನವರ ತಾಯಿ ಪದ್ಮಮ್ಮ ಬಟ್ಟೆ ಕಟ್ಟಿದ ಕೊಡಕ್ಕೆ ನೀರು ಸೋಸುತ್ತಿದ್ದರು. ಒಣಗಿದ ಕಡ್ಡಿಯಂಥ ಮೈ, ಕಣ್ಣು ಮಾತ್ರ ಚುರುಕು. ಒಲೆಯ ಮೇಲೆ ಅಟ್ಟ ಇತ್ತು, ಕರೀ ಹೊಗೆ ಹಿಡಿದು ಮಿರಿಮಿರಿ ಅನ್ನುತ್ತಿತ್ತು. ಕೈ ಎತ್ತಿ ಮುಟ್ಟಿ ನೋಡಿದೆ. ಬೆಚ್ಚಗಿತ್ತು.

"ಎಂತ ನೋಡ್ತಿ?" ಎಂದರು.

"ಏನಿಲ್ಲ ಅಜ್ಜಿ."

"ಏನಿಲ್ದೆ ಯಾರೂ ಅಟ್ಟ ಮುಟ್ಟಲ್ಲ. ಒಂದು ಕೇಳ್ತೀನಿ, ನಿಜ ಹೇಳ್ತೀಯಾ? ಆ ಪೆಟ್ಟಿಗೇಲಿ ಎಂತ ಇತ್ತು?"

"ಗಾಜು ಅಜ್ಜಿ. ಫೋಟೋ ತೆಗೆಯೋ ಗಾಜು."

"ಗಾಜಿನ ಮೇಲೆ ಎಂತ ಬಳಿದಿದ್ರು?"

ಆ ಪದರ ಜೆಲಟಿನ್. ದನದ ಎಲುಬು, ಚರ್ಮ ಬೇಯಿಸಿ ತೆಗೆಯುವ ಅಂಟು. ಮುಂಬಯಿಯಲ್ಲಿ ಅದು ನನಗೆ ಮೊದಲ ದಿನವೇ ಗೊತ್ತಾಗಿತ್ತು. ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಇಲ್ಲಿ, ಸೋಸಿದ ನೀರಿನ ಮುಂದೆ, ನಮ್ಮವರದೇ ಒಬ್ಬ ಅಜ್ಜಿ ನೆಟ್ಟ ನೋಟದಿಂದ ಕೇಳುತ್ತಿದ್ದರು. ಈ ಅಟ್ಟದಲ್ಲಿ ವಾರಗಟ್ಟಲೆ ಎಲುಬಿನ ಅಂಟು ಇತ್ತು ಎಂದರೆ ಈ ಅಡುಗೆಮನೆಯ ಗತಿ ಏನು? ಆದರೆ ನಾನೇ ಸುಳ್ಳು ಹೇಳಿಬಿಟ್ಟು, ನಿಜ ಹೇಳಿ ಎಂದು ಇವರನ್ನು ಕೇಳುವುದು ಹೇಗೆ?

"ಎಲುಬಿನ ಅಂಟು ಅಜ್ಜಿ," ಎಂದೆ. "ದನದ್ದು."

ಪದ್ಮಮ್ಮ ಕೊಡದ ಬಾಯಿಗೆ ಬಟ್ಟೆಯನ್ನು ಬಿಗಿ ಮಾಡಿದರು. "ನೀನು ನಮ್ಮವಳೇ ಅಲ್ದಾ?"

"ಹೌದು."

"ದಿನಾ ಮುಟ್ತೀಯಾ?"

"ಮುಟ್ತೀನಿ. ಗಾಜು ಹಿಡೀತೀನಿ, ಕೈ ತೊಳೀತೀನಿ."

"ಅಪ್ಪಂಗೆ ಗೊತ್ತಾ?"

ನಾನು ಬಾಗಿಲ ಕಡೆ ನೋಡಿದೆ. ಅಪ್ಪಯ್ಯ ಲೋಟ ಇಡಲು ಬಂದವರು ಹೊಸ್ತಿಲ ಆಚೆ ನಿಂತಿದ್ದರು. "ಈಗ ಗೊತ್ತಾತು," ಎಂದರು. ಲೋಟ ಹಿಡಿದುಕೊಂಡೇ ಜಗಲಿಗೆ ಹೋದರು.

ಪದ್ಮಮ್ಮ ಆಗ ಹೇಳಿದರು. "ನಾನು ಅದನ್ನ ಒಳಗೆ ಸೇರ್ಸಲಿಲ್ಲ. ಚರ್ಮದ ಪಟ್ಟಿ ಬಿಗಿದಿತ್ತು. ಒಳಗೆ ಇನ್ನೆಂತ ಇದೆಯೋ ಅಂತ, ಹೊಸ್ತಿಲು ದಾಟ್ಸಬೇಡ ಅಂದೆ. ಬಾ ತೋರಿಸ್ತೀನಿ."

ಮನೆಯಿಂದ ಸ್ವಲ್ಪ ದೂರ, ರಸ್ತೆಯ ಪಕ್ಕ, ಕಲ್ಲಿನ ಗೋಡೆಯ ಸಣ್ಣ ಅರವಟ್ಟಿಗೆ ಇತ್ತು. ಬೇಸಿಗೆಯಲ್ಲಿ ದಾರಿಹೋಕರಿಗೆ ಅಲ್ಲಿ ಪದ್ಮಮ್ಮ ನೀರು ಕೊಡಿಸುತ್ತಿದ್ದರು, ಅದು ಅವರ ವ್ರತ. ಮರಳಿನ ಮೇಲೆ ಸಾಲಾಗಿ ಮಣ್ಣಿನ ಮಡಕೆಗಳು. ಒಳಗೆ ಕಾಲಿಟ್ಟರೆ ಪಾದಕ್ಕೆ ತಂಪು ತಾಗಿತು. ಹಿಂದಿನ ಗೋಡೆಯಲ್ಲಿ ಎತ್ತರಕ್ಕೆ ಒಂದು ಕಲ್ಲಿನ ಹಲಗೆ. "ಇಲ್ಲಿ ಇಟ್ಟಿದ್ದು. ಯಾರ್ಯಾರೋ ಅವರವರ ಗಂಟು ಮೂಟೆ ಇಡ್ತಾರೆ. ಇದೂ ಒಂದು ಅಂತ ಇಡ್ಸಿದೆ. ನಿಮ್ಮ ಜೀಪಿನವ ಬಂದ ದಿನ ಧರಣಿಗೆ ನಾಚ್ಕೆ ಆತು. ಸರ್ಕಾರದ ಸಾಮಾನು ರಸ್ತೆ ಬದೀಲಿ ಇಟ್ಟಿದ್ವಿ ಅನ್ನೋಕೆ ಆಗ್ತದಾ? ಅಟ್ಟ ಅಂದ."

ಪೆಟ್ಟಿಗೆಯ ಮುಚ್ಚಳಕ್ಕೆ ಮೇಣ ಹಾಕಿ ಸೀಲ್ ಮಾಡಿರುತ್ತಿದ್ದರು, ತೇವ ಒಳಗೆ ಹೋಗುವಂತಿರಲಿಲ್ಲ. ಬೇಕಾಗಿದ್ದುದು ತಂಪೊಂದೇ. ಅಷ್ಟು ತಂಪಿನ ಜಾಗವನ್ನು ನಮ್ಮ ಡಾಕ್ಟರೇ ಆರಿಸಿದ್ದರೂ ಸಿಗುತ್ತಿರಲಿಲ್ಲ. ನಾನು ಆ ಹಲಗೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತೇ ಇದ್ದೆ. ಒಂದು ವರ್ಷ ವಾಪಸ್ ಸಿಕ್ಕಿತೆಂದು ಸಂತೋಷಪಡಬೇಕು ಎನ್ನುವಾಗ ತಲೆಯಲ್ಲಿ ಡಾಕ್ಟರ ದನಿ ಕೇಳಿಸಿತು: ನೀವು ಕಿವಿಗೆ ಹಾಕಿದ್ದು.

ಹೌದಲ್ಲ. ಎಲುಬಿನ ಮಾತನ್ನು ನಾನು ಮೊದಲು ಹೇಳಿದೆ, ಅವರು ಆಮೇಲೆ ಹೇಳಿದರು. ಎಲುಬು ಎಂದು ಕೇಳಿದ ಮೇಲೆ ಯಾವ ಜೈನ ಅಜ್ಜಿ ತಾನೇ ಅದು ನನ್ನ ಅಡುಗೆಮನೆಯಲ್ಲಿತ್ತು ಎಂದು ಒಪ್ಪುತ್ತಾಳೆ? ಮಗ ನನಗಾಗಿ ಮಾತು ಬದಲಿಸಲು ತಯಾರಿದ್ದ, ತಾಯಿ ತನ್ನ ಒಲೆಗಾಗಿ ಬದಲಿಸಿರಬಾರದೇಕೆ? ಪದ್ಮಮ್ಮನ ಮುಖದಲ್ಲಿ ಸುಳ್ಳಿನ ಗುರುತಿರಲಿಲ್ಲ. ಆದರೆ ಮುಖ ನೋಡಿ ಹೇಳುವುದು ನಮ್ಮ ಕೆಲಸದಲ್ಲಿ ಇಲ್ಲ.

ವಾಪಸ್ ಬರುವಾಗ ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಅಪ್ಪಯ್ಯ ಕಡಲೆ ಕೊಂಡು, ಅರ್ಧ ನನ್ನ ಕೈಗೆ ಹಾಕಿದರು. ಆ ಕೈಯನ್ನೇ ಸ್ವಲ್ಪ ಹೊತ್ತು ನೋಡಿ, "ಅಮ್ಮಂಗೆ ಹೇಳ್ಬೇಡ," ಎಂದರು. ಆ ವಿಷಯವಾಗಿ ಅವರು ಜೀವಮಾನದಲ್ಲಿ ಆಡಿದ ಮಾತು ಅದೊಂದೇ.

ಮುಂಬಯಿಯಲ್ಲಿ ಡಾಕ್ಟರಿಗೆ ಎಲ್ಲವನ್ನೂ ಆದ ಕ್ರಮದಲ್ಲೇ ಹೇಳಿದೆ, ಎಲುಬಿನ ಮಾತನ್ನೂ ಸೇರಿಸಿ. ಅವರು ತಲೆ ಅಲ್ಲಾಡಿಸಿದರು. "ಯೂ ಸ್ಪಾಯಿಲ್ಡ್ ಯುವರ್ ವಿಟ್ನೆಸ್."

"ಹೌದು ಸರ್. ಆದರೆ ಅವರು ಕೇಳಿದಾಗ ಸುಳ್ಳು ಹೇಳಲಾಗಲಿಲ್ಲ."

"ಸುಳ್ಳು ಹೇಳಬೇಕಿತ್ತು ಎಂದು ನಾನು ಹೇಳಲಿಲ್ಲ," ಎಂದು ಅವರು ಕನ್ನಡಕ ಒರೆಸಿದರು. ಕುತೂಹಲ ಹತ್ತಿದಾಗ ಅವರು ಹಾಗೆ ಮಾಡುತ್ತಿದ್ದರು. "ಒಬ್ಬರು ಅಟ್ಟ ಎನ್ನುತ್ತಾರೆ, ಒಬ್ಬರು ನೀರಿನ ಮನೆ ಎನ್ನುತ್ತಾರೆ. ಯಾರ ಮುಲಾಜೂ ಇಲ್ಲದ ಮೂರನೆಯವರು ಬೇಕು. ಪೆಟ್ಟಿಗೆಯ ಒಳಗೇ ಇದ್ದವರು."

ಅವರು ಹೇಳಿದ್ದು ಹೀಗೆ. ಕೆಲವೊಮ್ಮೆ ಒಂದು ಕಾರ್ಬನ್ ಪ್ಲೇಟಿನೊಳಗೇ ಮೂರು ಹೀಲಿಯಂ ಆಗಿ ಬಿಚ್ಚಿಕೊಳ್ಳುತ್ತದೆ. ತ್ರಿಶೂಲದ ಹಾಗೆ ಒಂದು ಗೆರೆ ಬಂದು ಮೂರು ಗೆರೆಯಾಗಿ ಹೋಗುತ್ತದೆ, ಮತ್ತೇನೂ ಇರುವುದಿಲ್ಲ. ಹೀಲಿಯಮ್ಮಿನ ನಂಬರ್ ಎರಡು. ಮೂರು ಎರಡಲ ಆರು. ಅಂಥ ಕಡೆ ಬಂದದ್ದು ಆರನೇ ನಂಬರಿನ ಕಾರ್ಬನ್ನೇ, ಕೂದಲು ಎಣಿಸದೆಯೂ ಅದು ಗೊತ್ತು. ಈಗ ಅದರ ಕೂದಲು ಎಣಿಸಿ. ಆರಕ್ಕೆ ತಕ್ಕಷ್ಟಿದ್ದರೆ ಪ್ಲೇಟು ಮಾಸಿಲ್ಲ. ಐದಕ್ಕೆ ಇಳಿದಿದ್ದರೆ ಬೆಂದಿದೆ.

ಮೊದಲೇ ಯಾಕೆ ಹೀಗೆ ಮಾಡಲಿಲ್ಲ ಎಂದು ನೀವು ಕೇಳಬಹುದು. ಅಂಥ ಒಡಕು ಸಿಗುವುದು ಬಹಳ ಅಪರೂಪ. ಒಂದು ಸಿಗಬೇಕಾದರೆ ಪ್ಲೇಟಿನ ಮೇಲೆ ಪ್ಲೇಟು ಸೋಸಬೇಕು. ಒಂದು ಬಸ್ ಟಿಕೆಟಿನಲ್ಲಿ ಮುಗಿಯುವುದಾದರೆ ಮುಗಿಯಲಿ ಎಂದು ಡಾಕ್ಟರು ನೋಡಿದ್ದರು. ಮುಗಿಯಲಿಲ್ಲ.

ಹುಡುಕಿ ಕೊಡುವುದು ನನ್ನ ಕೆಲಸ, ಕೂದಲು ಎಣಿಸುವುದು ಮಿಸೆಸ್ ಡಿಸೋಜಾ ಅವರ ಕೆಲಸ ಎಂದಾಯಿತು. ಅವರಿಗೆ ಅರಳಸುರಳಿಯ ಪ್ಲೇಟಿನ ಜೊತೆಗೆ, ನೇರ ಐಸ್ ಪೆಟ್ಟಿಗೆಗೆ ಹೋಗಿದ್ದ ಬೇರೆ ಒಳ್ಳೆಯ ಪ್ಲೇಟುಗಳನ್ನೂ ಬೆರೆಸಿ ಕೊಡುತ್ತಿದ್ದರು, ಯಾವುದು ಯಾವುದೆಂದು ಹೇಳದೆ. ನಾವಿಬ್ಬರೂ ಕ್ಯಾಂಟೀನಿನಲ್ಲಿ ಎದುರುಬದುರು ಕೂತು ಕಾಫಿ ಕುಡಿಯುತ್ತಿದ್ದೆವು. ಅವರು ನನ್ನ ಮುಖ ನೋಡಿ ಪೆಪ್ಪರ್‌ಮಿಂಟು ಕೊಡುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ. ಪಾಪ, ಅವರಿಗೂ ಕಷ್ಟವೇ ಆಗಿರಬೇಕು. ಆ ತಿಂಗಳುಗಳಲ್ಲಿ ನನಗೆ ನಿಜವಾಗಿ ಬೇಕಾಗಿದ್ದು ಬೋರಾನೋ ಪದ್ಮಮ್ಮನ ಮಾತು ನಿಜವೆಂದು ನಿಲ್ಲುವುದೋ ಎಂದು ಕೇಳಿಕೊಂಡರೆ ಎರಡನ್ನೂ ಬಿಡಿಸಲು ಆಗುತ್ತಿರಲಿಲ್ಲ. ಒಂದು ನಿಂತರೆ ಇನ್ನೊಂದು ನಿಲ್ಲುತ್ತದೆ.

ಮೊದಲ ತ್ರಿಶೂಲ ಕಂಡ ಬೆಳಗು ನನಗೆ ಚೆನ್ನಾಗಿ ನೆನಪಿದೆ. ಹೊರಗೆ ಯಾರೋ ಟ್ರಾಲಿ ಎಳೆಯುತ್ತಿದ್ದರು. ದಪ್ಪ ಗೆರೆಯೊಂದು ನಿಧಾನವಾಗಿ ಕಣ್ಣೊಳಗೆ ಬಂತು, ನಡುವಿನಲ್ಲಿ ತಟ್ಟನೆ ಬಿಚ್ಚಿಕೊಂಡು ಮೂರು ಎಳೆಯಾಗಿ ಹೊರಟುಹೋಯಿತು. ಎಷ್ಟು ಅಚ್ಚುಕಟ್ಟು ಎಂದರೆ, ಜಡೆ ಬಿಚ್ಚಿದ ಹಾಗೆ. ಎಲ್ಲೋ ಒಂದು ನಕ್ಷತ್ರದಲ್ಲಿ ಬೆಂದು, ಲೆಕ್ಕಕ್ಕೆ ಸಿಗದಷ್ಟು ಕಾಲ ಕತ್ತಲಲ್ಲಿ ಓಡಿ, ಯಾವುದಕ್ಕೂ ತಾಗದೆ ಉಳಿದುಕೊಂಡು ಬಂದದ್ದು, ಕೊನೆಗೆ ಬಂದು ಒಡೆದದ್ದು ನಮ್ಮ ಗಾಜಿನೊಳಗೆ. ನಾನು ಕಣ್ಣು ತೆಗೆಯಲೇ ಇಲ್ಲ. ನನ್ನ ಕೈ ಕೂದಲು ಎಣಿಸಲು ತಾನಾಗಿ ಹೋಗುತ್ತಿತ್ತು, ತಡೆದುಕೊಂಡೆ. ಜಾಗ ಗುರುತು ಮಾಡಿ, ಪ್ಲೇಟನ್ನು ಕೊಟ್ಟುಬಿಟ್ಟೆ.

ಆಮೇಲೆ ಇನ್ನೂ ಕೆಲವು ಸಿಕ್ಕವು. ಸಾಕಷ್ಟಾದ ಮೇಲೆ ಒಂದು ಮಧ್ಯಾಹ್ನ ಡಾಕ್ಟರು ಇಬ್ಬರನ್ನೂ ಕರೆದರು. ಮಿಸೆಸ್ ಡಿಸೋಜಾ ಎಣಿಸಿದ್ದನ್ನೂ, ಯಾವ ಪ್ಲೇಟು ಯಾವ ಪೆಟ್ಟಿಗೆಯದು ಎಂಬುದನ್ನೂ ಆಗ ಮೊದಲ ಸಲ ಪಕ್ಕಪಕ್ಕ ಇಟ್ಟರು. ಐಸ್ ಪೆಟ್ಟಿಗೆಯ ಕಾರ್ಬನ್ನಿಗೂ ಅರಳಸುರಳಿಯ ಕಾರ್ಬನ್ನಿಗೂ ಕೂದಲಿನಲ್ಲಿ ಹೇಳುವಂಥ ವ್ಯತ್ಯಾಸವೇ ಇರಲಿಲ್ಲ.

"ಸೋ," ಎಂದರು ಡಾಕ್ಟರು. "ದಿ ಓಲ್ಡ್ ಲೇಡಿ ವಾಸ್ ರೈಟ್. ನಿಮ್ಮ ಬೋರಾನ್ ಬೋರಾನೇ." ಅವರು ಇಷ್ಟು ವರ್ಷ ವಾಲಿದ್ದ ಕಡೆಗೆ ವಿರುದ್ಧವಾಗಿ ಅವರದೇ ಲ್ಯಾಬು ಬಂದಿತ್ತು. ಮುಖ ಸಪ್ಪಗಾಗಲಿಲ್ಲ. ಕನ್ನಡಕ ಒರೆಸುತ್ತಾ, "ಹಾಗಾದರೆ ಇವು ಎಷ್ಟು ದೂರ ಅಲೆದಿರಬೇಕು" ಎಂದು ಕಿಟಕಿಗೆ ಹೇಳಿಕೊಂಡರು. ಒಳ್ಳೆಯ ಮೇಲಧಿಕಾರಿ ಯಾರು ಎಂದು ಕೇಳಿದರೆ ನಾನು ಈ ಮಧ್ಯಾಹ್ನವನ್ನು ಹೇಳುತ್ತೇನೆ. ಅಂಥವರು ಆಮೇಲೆ ನನಗೆ ಹೆಚ್ಚು ಸಿಗಲಿಲ್ಲ.

ಬೋರಾನಿನ ಜಗಳ ನಮ್ಮಿಂದಲೇ ಮುಗಿಯಿತು ಎಂದು ತಿಳಿಯಬೇಡಿ. ಎಷ್ಟೋ ಜನ, ಎಷ್ಟೋ ಲ್ಯಾಬುಗಳು ಎಣಿಸಿದ ಮೇಲೆ ಮೆಲ್ಲಗೆ ಒಪ್ಪಿಗೆಯಾಯಿತು. ಮುಂದೆ ಗಾಜು ಹೋಗಿ ಗಾಜಿಲ್ಲದ ಹಾಳೆಗಳು ಬಂದವು, ಆಮೇಲೆ ಎಣಿಸುವ ಯಂತ್ರ, ಆಮೇಲೆ ಕಂಪ್ಯೂಟರು. ಹುಡುಗಿಯರ ಸಾಲು ಖಾಲಿಯಾಯಿತು. ಯಂತ್ರಕ್ಕೆ ಜಡೆ ಇಲ್ಲ, ಆಸೆಯೂ ಇಲ್ಲ, ಅದು ಒಳ್ಳೆಯದೇ. ಆದರೆ ಯಂತ್ರಕ್ಕೆ ಏನನ್ನು ಹುಡುಕಬೇಕೆಂದು ಹೇಳುವವರಿಗೆ ಆಸೆ ಇದ್ದೇ ಇರುತ್ತದೆ, ಅಷ್ಟು ನೆನಪಿರಲಿ.

ಮರುವರ್ಷ ಊರಿಗೆ ಬಂದಾಗ ಅರಳಸುರಳಿಗೆ ಹೋದೆ. ಪದ್ಮಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತು ಹೆಸರುಕಾಳು ಆರಿಸುತ್ತಿದ್ದರು. ನನ್ನನ್ನು ಗುರುತು ಹಿಡಿದು, ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

"ಅಜ್ಜಿ, ನೀವು ಹೇಳಿದ್ದು ನಿಜ ಅಂತ ಆಯ್ತು."

"ನಾನು ಹೇಳಿದ್ ಮೇಲೆ ಇನ್ನೊಬ್ಬರನ್ನ ಕೇಳೋಕೆ ಹೋಗಿದ್ರಾ?"

"ಹೂಂ."

"ಯಾರನ್ನ?"

"ಕಾರ್ಬನ್ ಅಂತ. ಇದ್ದಲು ಇದೆಯಲ್ಲ, ಅದೇ ಜಾತಿ. ನಕ್ಷತ್ರದಿಂದ ಬಂದದ್ದು. ಆ ಪೆಟ್ಟಿಗೆಯೊಳಗೇ ಇತ್ತು."

ಪದ್ಮಮ್ಮ ಒಂದು ಕಲ್ಲನ್ನು ಹೆಕ್ಕಿ ಆಚೆ ಎಸೆದರು. "ಅದು ಎಂತ ಹೇಳ್ತು?"

"ನೀವು ಒಳಗೆ ಇಡ್ಲಿಲ್ಲ ಅಂತು."

"ಹಂಗಾರೆ ಅದನ್ನ ಒಂದ್ಸಲ ಕರ್ಕೊಂಡು ಬಂದು ನಮ್ಮ ಧರಣಿಗೂ ಹೇಳ್ಸು ಮಾರಾಯ್ತಿ. ಅವನು ಇವತ್ತಿಗೂ ಊರಿಗೆಲ್ಲ ಅಟ್ಟ ಅಂತಲೇ ಹೇಳ್ಕೊಂಡು ತಿರುಗ್ತಾನೆ."

ಹೊರಡುವಾಗ ಜಗಲಿಯಲ್ಲಿ ಯಾರೋ ಇಬ್ಬರು ನೆಂಟರು ಕೂತಿದ್ದರು. ಧರಣೇಂದ್ರಯ್ಯ ನನ್ನನ್ನು ನೋಡಿ, "ಇದೇ ಹುಡುಗಿ, ಮುಂಬಯಿಂದ ಬಂದು ಮುಟ್ಟಿ ನೋಡಿ ಹೋದ್ಲು, ಬೇಕಾದ್ರೆ ಕೇಳಿ," ಎಂದು ಅಡುಗೆಮನೆಯ ಅಟ್ಟದ ಕಡೆಗೆ ಕೈ ತೋರಿಸಿದರು.